ಹಳದಿ ಗೋಡೆಯ ಟೀಕು

ಚೀನಾದ ಶಾನ್‌ಶಿ ಪ್ರಾಂತದಲ್ಲಿ ಲುವೋಚ್ವಾನ್ ಎಂಬ ಊರಿದೆ. ಊರಾಚೆ ಹೇಮುಗೌ ಎಂಬ ಕಮರಿ. ಮಳೆನೀರು ಕೊರೆದ ಈ ಕಮರಿಯ ಗೋಡೆಯಲ್ಲಿ ಸುಮಾರು 135 ಮೀಟರ್ ದಪ್ಪದ ಮಣ್ಣು ಬಯಲಾಗಿ ನಿಂತಿದೆ. ಅಷ್ಟೂ ಗಾಳಿ ಹೊತ್ತು ತಂದ ಧೂಳು. ಭೂವಿಜ್ಞಾನಿಗಳ ಬಾಯಲ್ಲಿ ಅದು ಲೋಯಸ್. ದೂರದಿಂದ ನೋಡಿದರೆ ಹಳದಿಯ ಮೇಲೆ ಕೆಂಪು, ಕೆಂಪಿನ ಮೇಲೆ ಹಳದಿ, ಹೀಗೆ ಪಟ್ಟಿ ಪಟ್ಟಿ. ಹಳದಿ ಪಟ್ಟಿಗೆ ‘ಎಲ್’, ಕೆಂಪು ಪಟ್ಟಿಗೆ ‘ಎಸ್’ ಎಂದು ಗುರುತು ಕೊಟ್ಟು ಮೇಲಿನಿಂದ ಕೆಳಕ್ಕೆ ಎಣಿಸುತ್ತಾ ಹೋಗುವುದು ಅಲ್ಲಿನ ರೂಢಿ. ಧೂಳು ಧೂಳಾಗಿಯೇ ಉಳಿದದ್ದು ಎಲ್. ಅದೇ ಧೂಳು ಮಳೆಗೆ, ಬೇರಿಗೆ, ಹುಳುಹುಪ್ಪಟೆಗೆ ಸಿಕ್ಕಿ ಮಾಗಿದ್ದು ಎಸ್.

ಲಿಯೂ ತುಂಗ್‌ಶೆಂಗ್ (1917–2008) ತಮ್ಮ ಆಯುಷ್ಯದ ಅರ್ಧಕ್ಕೂ ಹೆಚ್ಚು ಕಾಲ ಇಂಥ ಗೋಡೆಗಳನ್ನೇ ಓದಿದರು. ಅವರು ಮತ್ತು ಅವರ ನಂತರದವರು ಓದಿದ್ದನ್ನು ಅನುಸರಿಸಿ ಗೋಡೆಯನ್ನು ಕೆಲವು ಸಾಲುಗಳಿಗೆ ಇಳಿಸಿ, ಸಾಲಿಗೊಂದು ಟೀಕು ಬರೆಯುವುದು ಇಲ್ಲಿನ ಕೆಲಸ. ಸಾಲುಗಳ ಮಾತು ನನ್ನದು, ಸಂಗತಿ ಗೋಡೆಯದು. ಟೀಕಾಕಾರನಿಗೆ ಒಂದೇ ಪೇಚು: ಈ ಗ್ರಂಥ ಹುಟ್ಟಿದ್ದು ಕೆಳಗಿನಿಂದ ಮೇಲಕ್ಕೆ, ಓದು ಸಾಗುವುದು ಮೇಲಿನಿಂದ ಕೆಳಕ್ಕೆ. ಮುಂದಿನ ಸಾಲೆಂದರೆ ಹಿಂದಿನ ಕಾಲ ಎಂಬುದು ನೆನಪಿರಲಿ.

ಸಾಲು 1. ಎಸ್0: ನೆತ್ತಿಯ ಮಣ್ಣು. ಕಪ್ಪು ಛಾಯೆ. ಮೇಲೆ ಬೇಸಾಯ.

ಇದು ನಮ್ಮ ಕಾಲ. ಕಳೆದ ಹತ್ತು–ಹನ್ನೊಂದು ಸಾವಿರ ವರ್ಷ. ಹುಲ್ಲು ಬೆಳೆದು ಕೊಳೆತು ಕಪ್ಪಾದ ಮಣ್ಣು. ಇದರ ಮೇಲೆಯೇ ಉತ್ತರ ಚೀನಾದ ಜನ ನವಣೆ ಬೆಳೆದು ಊರು ಕಟ್ಟಿದರು. ಇಂದು ಲುವೋಚ್ವಾನ್ ಸೇಬಿಗೆ ಹೆಸರುವಾಸಿ.

ಧೂಳು ಬೀಳುವುದು ನಿಂತಾಗ ಮಣ್ಣಾಯಿತು ಎಂದು ತಿಳಿಯಬಾರದು. ಧೂಳು ಈಗಲೂ ಬೀಳುತ್ತಿದೆ, ವಸಂತದಲ್ಲಿ ಬೀಜಿಂಗಿನ ಆಕಾಶವೇ ಹಳದಿಯಾಗುವುದುಂಟು. ಬೀಳುವ ವೇಗಕ್ಕಿಂತ ಮಳೆಯೂ ಬೇರೂ ಅದನ್ನು ಅರಗಿಸಿಕೊಳ್ಳುವ ವೇಗ ಹೆಚ್ಚಾದರೆ ಎಸ್, ಕಡಿಮೆಯಾದರೆ ಎಲ್. ಈ ಎರಡು ವೇಗಗಳ ಜಗ್ಗಾಟ ಬಿಟ್ಟರೆ ಗೋಡೆಯಲ್ಲಿ ಬೇರೇನೂ ಇಲ್ಲ. ಧೂಳು ತರುವುದು ವಾಯವ್ಯದಿಂದ ಬೀಸುವ ಚಳಿಗಾಲದ ಗಾಳಿ, ಮಳೆ ತರುವುದು ಆಗ್ನೇಯದಿಂದ ಬರುವ ಬೇಸಿಗೆಯ ಮಾನ್ಸೂನು. ಒಂದೇ ನೆಲದ ಮೇಲೆ ಎರಡು ಗಾಳಿಗಳ ಸಹಿ.

ಸಾಲು 2. ಎಲ್1: ತಿಳಿಹಳದಿ. ಹತ್ತು ಮೀಟರಿನ ಆಸುಪಾಸು. ಒಳಗೆ ಪದರದ ಗೆರೆಯಿಲ್ಲ.

ಸಾಲಿನ ಜೀವವಿರುವುದು ಕೊನೆಯ ತುಣುಕಿನಲ್ಲಿ. ನೀರು ಹೊತ್ತು ತಂದ ಹೂಳಾಗಿದ್ದರೆ ಗೆರೆ ಇರಬೇಕಿತ್ತು. ಕೆರೆಯ ತಳವನ್ನು ಅಗೆದವರಿಗೆ ಗೊತ್ತು: ಒರಟು ಕೆಳಗೆ, ನಯ ಮೇಲೆ, ಮತ್ತೆ ಒರಟು. ಇಲ್ಲಿ ಹತ್ತು ಮೀಟರ್ ಉದ್ದಕ್ಕೂ ಒಂದೇ ಹದ. ಜರ್ಮನಿಯ ಫರ್ಡಿನಾಂಡ್ ಫೊನ್ ರಿಖ್ತ್‌ಹೋಫೆನ್ ಚೀನಾ ಸುತ್ತಿ ಬಂದು 1877ರಲ್ಲಿ ಇದು ಗಾಳಿಯ ಕೆಲಸ ಎಂದು ಬರೆದರು. ಆ ಮಾತು ಎಲ್ಲರಿಗೂ ರುಚಿಸಲಿಲ್ಲ. ಇಷ್ಟೊಂದು ಮಣ್ಣನ್ನು ಗಾಳಿ ಹೊತ್ತೀತೇ? ಕೆರೆಯೋ ಹೊಳೆಯೋ ಇರಬೇಕು ಎಂಬ ವಾದ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಉಸಿರಾಡುತ್ತಿತ್ತು.

ಲಿಯೂ ಮತ್ತು ಸಂಗಡಿಗರು ವಾದಕ್ಕೆ ವಾದ ಹೂಡದೆ ಕಣಗಳ ಅಳತೆಗೆ ಹೊರಟರು. 1950ರ ದಶಕದಲ್ಲಿ, ಈ ಲೋಯಸ್ ಹರಡಿಕೊಂಡಿರುವ ಪ್ರಸ್ಥಭೂಮಿಯನ್ನು ಅಡ್ಡಡ್ಡ, ಉದ್ದುದ್ದ ಹಾದುಹೋಗುವ ದಾರಿಗಳನ್ನು ಹಾಕಿಕೊಂಡು ಮಣ್ಣಿನ ಮಾದರಿ ಎತ್ತಿದರು. ನಕ್ಷೆಯ ಮೇಲೆ ಇಟ್ಟಾಗ ಕಂಡದ್ದು ಇದು: ಮರುಭೂಮಿಯ ಮಗ್ಗುಲಿನ ವಾಯವ್ಯದಲ್ಲಿ ಮರಳು ಬೆರೆತ ಒರಟು ಲೋಯಸ್, ನಡುವೆ ಸಾಧಾರಣ, ಆಗ್ನೇಯಕ್ಕೆ ಬಂದಂತೆ ಜೇಡಿಗೆ ಹತ್ತಿರವಾದ ನಯ. ಕಣ ಹಂತಹಂತವಾಗಿ ಸಣ್ಣದಾಗುತ್ತಾ ಹೋಗುತ್ತದೆ. ಜೊತೆಗೆ, ಕೆಳಗಿನ ಬಂಡೆ ಯಾವುದೇ ಇರಲಿ ಮೇಲಿನ ಧೂಳಿನ ಖನಿಜಗಳು ಹೆಚ್ಚುಕಡಿಮೆ ಒಂದೇ. ಗುಡ್ಡದ ನೆತ್ತಿಗೂ ಕಣಿವೆಯ ತಳಕ್ಕೂ ಅದೇ ಧೂಳು. ಗುಡ್ಡ ಹತ್ತುವ ಹೊಳೆ ಎಲ್ಲಿದೆ?

ಗಾಳಿ ಹೊತ್ತು ತಂದದ್ದು ಎಂದ ಕೂಡಲೇ ನಮ್ಮವರಿಗೆ ತಲಕಾಡು ನೆನಪಾಗುತ್ತದೆ. ಅಲಮೇಲಮ್ಮನ ಶಾಪದ ಮಾತು ಹೇಗೇ ಇರಲಿ, ಅಲ್ಲಿ ಗುಡಿಗಳನ್ನು ಮುಚ್ಚಿದ ಮರಳು ಬಂದದ್ದು ಪಕ್ಕದ ಕಾವೇರಿಯ ಪಾತ್ರದಿಂದ. ಮರಳಿನ ಹರಳು ಭಾರ. ನೆಲಕ್ಕಂಟಿ ಕುಪ್ಪಳಿಸುತ್ತಾ ಹೋಗಿ ಹತ್ತಿರದಲ್ಲೇ ದಿಬ್ಬವಾಗುತ್ತದೆ. ಲೋಯಸ್ ಕಣದ ಗಾತ್ರ ಬಹುಪಾಲು ಮಿಲಿಮೀಟರಿನ ನೂರನೆಯ ಒಂದರಿಂದ ಐದು ಭಾಗ. ಒಮ್ಮೆ ಮೇಲೆದ್ದರೆ ನೂರಾರು ಕಿಲೋಮೀಟರ್ ತೇಲಿಕೊಂಡು ಹೋದೀತು. ಅದಕ್ಕಿಂತ ನಯವಾದದ್ದು ಪೆಸಿಫಿಕ್ ಸಾಗರವನ್ನೂ ದಾಟುತ್ತದೆ. ಗ್ರೀನ್‌ಲ್ಯಾಂಡಿನ ಹಳೆಯ ಮಂಜುಗಡ್ಡೆಯಲ್ಲಿ ಸಿಕ್ಕ ಧೂಳಿನ ಮೂಲವನ್ನು ಹುಡುಕುತ್ತಾ ಹೋದವರು ಪೂರ್ವ ಏಷ್ಯಾದ ಮರುಭೂಮಿಗಳಿಗೇ ಬಂದು ಮುಟ್ಟಿದರು.

ಕಾಲ: ಸುಮಾರು 75 ಸಾವಿರ ವರ್ಷದ ಹಿಂದಿನಿಂದ ಹನ್ನೊಂದು–ಹನ್ನೆರಡು ಸಾವಿರ ವರ್ಷದ ಹಿಂದಿನವರೆಗೆ. ಅಂದರೆ ಕಳೆದ ಹಿಮಯುಗ. ಸರಾಸರಿ ಹಾಕಿದರೆ ನೂರು ವರ್ಷಕ್ಕೆ ಒಂದೂವರೆ ಸೆಂಟಿಮೀಟರ್ ಧೂಳು. ಸೈಬೀರಿಯಾದ ಮೇಲೆ ಚಳಿಗಾಲದ ಭಾರವಾದ ಗಾಳಿ ಈಗಿಗಿಂತ ಬಲವಾಗಿ ಮಡುಗಟ್ಟಿ ದಕ್ಷಿಣಕ್ಕೆ ನುಗ್ಗುತ್ತಿದ್ದ ದಿನಗಳವು. ಇಂಥ ಧೂಳಿನ ವಯಸ್ಸನ್ನು ನೇರವಾಗಿ ಅಳೆಯುವ ಒಂದು ವಿಧಾನ, ಕಣವು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಕೇಳುವುದು. ಮಣ್ಣಿನಡಿ ಹೂತ ಹರಳು ಸುತ್ತಲಿನ ವಿಕಿರಣವನ್ನು ಕೂಡಿಡುತ್ತದೆ. ಪ್ರಯೋಗಾಲಯದಲ್ಲಿ ಕಾಯಿಸಿದರೆ ಇಲ್ಲವೇ ಬೆಳಕು ಹಾಯಿಸಿದರೆ ಆ ಗಂಟನ್ನು ಮಿನುಗಾಗಿ ಬಿಟ್ಟುಕೊಡುತ್ತದೆ. ಭಾರತದಲ್ಲಿ ಈ ವಿದ್ಯೆ ಬೆಳೆದದ್ದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ. ಅಲ್ಲಿನ ಅಶೋಕ್ ಸಿಂಘ್ವಿ 1980ರ ದಶಕದಲ್ಲಿ ಕಾಶ್ಮೀರ ಕಣಿವೆಯ ಲೋಯಸ್ಸಿಗೆ ವಯಸ್ಸು ಹಚ್ಚಿದರು. ಕೇಸರಿ ಬೆಳೆಯುವ ಕರೇವಾ ದಿಬ್ಬಗಳ ಮೇಲೂ ಇರುವುದು ಇಂಥದೇ ಧೂಳು.

ಸಾಲು 3. ಎಲ್1ರ ನಡುವೆ ಮಸುಕಾದ ಕಂದು.

ಹಿಮಯುಗದ ಮಧ್ಯೆ ಒಂದಿಷ್ಟು ಬಿಡುವು. ಪೂರ್ತಿ ಕೆಂಪಾಗುವಷ್ಟು ಮಳೆ ಬರಲಿಲ್ಲ, ಬಂದದ್ದು ಗುರುತು ಉಳಿಸಿತು. ಕಣ್ಣಿಗೆ ಇಷ್ಟೇ. ಆದರೆ ಕಣದ ಗಾತ್ರವನ್ನು ಸೆಂಟಿಮೀಟರ್ ಸೆಂಟಿಮೀಟರಿಗೂ ಅಳೆದಾಗ ಎಲ್1ರೊಳಗೆ ಒರಟು ಧೂಳಿನ ಗಕ್ಕನೆಯ ಏರಿಕೆಗಳು ಕಂಡವು. ಸ್ಟೀಫನ್ ಪೋರ್ಟರ್ ಮತ್ತು ಆನ್ ಚಿಶೆಂಗ್ 1995ರಲ್ಲಿ ಇವನ್ನು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಹಿಮಗಡ್ಡೆಗಳ ದಂಡು ತೇಲಿಬಂದ ಘಟನೆಗಳ ಜೊತೆ ಹೊಂದಿಸಿದರು. ಅಲ್ಲಿ ಸಾಗರ ತಣ್ಣಗಾದರೆ ಇಲ್ಲಿ ಗಾಳಿ ಬಲಿಯುತ್ತದೆ. ನಡುವಿನ ಸಂದೇಶವಾಹಕ ಯೂರೋಪಿನಿಂದ ಪೂರ್ವಕ್ಕೆ ಬೀಸುವ ಪಶ್ಚಿಮದ ಮಾರುತ.

ಸಾಲು 4. ಎಸ್1: ಕೆಂಗಂದು ಮಣ್ಣು. ಬುಡದಲ್ಲಿ ಸುಣ್ಣದ ಗಂಟುಗಳು.

ಕಳೆದ ಹಿಮಯುಗಕ್ಕೂ ಹಿಂದಿನ ಬೆಚ್ಚನೆಯ ಕಾಲ, ಸುಮಾರು 1 ಲಕ್ಷ 30 ಸಾವಿರ ವರ್ಷದ ಹಿಂದೆ ಶುರುವಾದದ್ದು. ಮಳೆನೀರು ಮೇಲಿನ ಮಣ್ಣಿನ ಸುಣ್ಣವನ್ನು ಕರಗಿಸಿ ಕೆಳಗೆ ಒಯ್ದು ಗಂಟು ಕಟ್ಟಿಸಿತು. ಅಲ್ಲಿನ ರೈತರು ಅದನ್ನು ಶುಂಠಿ ಕಲ್ಲು ಎನ್ನುತ್ತಾರೆ. ಆಕಾರ ಹಾಗೆಯೇ ಇರುತ್ತದೆ.

ಲಿಯೂ ಅವರ ವಿಜ್ಞಾನ ತಿರುವು ಪಡೆದದ್ದು ಇಂಥದೊಂದು ಸಾಲಿನ ಮುಂದೆ. ಅವರು ಮೊದಲು ಮೀನಿನ ಪಳೆಯುಳಿಕೆಗಳ ಅಭ್ಯಾಸಿ. 1954ರಲ್ಲಿ ಹಳದಿ ನದಿಗೆ ಸಾನ್‌ಮೆನ್‌ಶಿಯಾದಲ್ಲಿ ಅಣೆಕಟ್ಟು ಕಟ್ಟುವ ಮುನ್ನಿನ ಸರ್ವೆಗೆ ಭೂವಿಜ್ಞಾನಿಗಳ ತಂಡ ಹೋದಾಗ ಅವರೂ ಹೋದರು. ಒಂದು ರಾತ್ರಿ ಗುಡ್ಡದ ಮೈಯಲ್ಲಿ ದೀಪಗಳು ಅಂತಸ್ತು ಅಂತಸ್ತಾಗಿ, ನೇರ ಸಾಲಿನಲ್ಲಿ ಉರಿಯುವುದು ಕಂಡಿತು. ಬಹುಮಹಡಿ ಕಟ್ಟಡವಿದ್ದಂತೆ. ಬೆಳಿಗ್ಗೆ ಹೋಗಿ ನೋಡಿದರೆ ಲೋಯಸ್ ಕೊರೆದು ಮಾಡಿದ ಗುಹೆಮನೆಗಳು. ಸಾಲು ಯಾಕೆ ಇಷ್ಟು ನೇರ? ಜನ ಎಲ್ಲೆಂದರಲ್ಲಿ ಕೊರೆದಿರಲಿಲ್ಲ. ಕೆಂಪು ಮಣ್ಣಿನ ಬುಡದಲ್ಲಿನ ಸುಣ್ಣದ ಗಂಟಿನ ಗಟ್ಟಿ ಪದರವನ್ನೇ ಸೂರು ಮಾಡಿಕೊಂಡು ಅದರ ಅಡಿ ಮನೆ ಕೊರೆದಿದ್ದರು. ಕೆಂಪು ಪಟ್ಟಿ ಎಷ್ಟಿತ್ತೋ ಮನೆಗಳ ಅಂತಸ್ತೂ ಅಷ್ಟು.

ಈ ಪ್ರಸಂಗವನ್ನು ಲಿಯೂ ಮತ್ತೆ ಮತ್ತೆ ಹೇಳುತ್ತಿದ್ದರು. ಕೆಂಪು ಪಟ್ಟಿಗಳು ಬರೀ ಬಣ್ಣದ ಕಲೆಗಳಲ್ಲ, ಒಂದೊಂದೂ ಒಂದು ಕಾಲದ ನೆಲ, ಹುಲ್ಲು ಬೆಳೆದ ಮೇಲ್ಮೈ ಎಂಬ ತಿಳಿವಿನ ಬೀಜ ಇಲ್ಲಿದೆ. ಅಕ್ಷರ ಓದದ ರೈತರು ಪದರ ಓದಿದ್ದರು, ಅವರ ದೀಪಗಳನ್ನು ನೋಡಿ ವಿಜ್ಞಾನಿ ಓದಿದರು. ಆ ಗುಹೆಮನೆಗಳಿಗೆ ಇನ್ನೊಂದು ಮುಖವೂ ಇದೆ. 1556ರ ಜನವರಿಯಲ್ಲಿ ಶಾನ್‌ಶಿ ನಡುಗಿದಾಗ ಇಂಥ ಸೂರುಗಳು ಕುಸಿದವು. ಚೀನೀ ದಾಖಲೆಗಳು ಹೇಳುವ ಸಾವಿನ ಲೆಕ್ಕ 8 ಲಕ್ಷ 30 ಸಾವಿರ.

ಇನ್ನು ಆ ಅಣೆಕಟ್ಟು. ನದಿಯ ಹಳದಿ ಬಣ್ಣವೇ ಈ ಧೂಳಿನದು. ಕಳೆದ ಶತಮಾನದ ನಡುವಿನಲ್ಲಿ ಅದು ವರ್ಷಕ್ಕೆ ಸುಮಾರು 160 ಕೋಟಿ ಟನ್ ಹೂಳು ಸಾಗಿಸುತ್ತಿತ್ತು. 1960ರಲ್ಲಿ ನೀರು ನಿಲ್ಲಿಸಿದ ಸಾನ್‌ಮೆನ್‌ಶಿಯಾ ಜಲಾಶಯ ನಾಲ್ಕೇ ವರ್ಷದಲ್ಲಿ ಹೂಳಿನಿಂದ ಏದುಸಿರು ಬಿಟ್ಟಿತು, ಉಪನದಿ ವೇಯ್ ಹಿಂದಕ್ಕೆ ಉಕ್ಕಿ ಶಿಯಾನ್ ನಗರಕ್ಕೇ ಭಯವಾಯಿತು, ಕಟ್ಟಿದ ಗೋಡೆಯಲ್ಲಿ ಹೊಸ ಕಿಂಡಿ ಕೊರೆಯಬೇಕಾಯಿತು. ಸರ್ವೆಯಿಂದ ಜಲಾಶಯಕ್ಕೆ ಆದ ಲಾಭಕ್ಕಿಂತ ಹವಾಮಾನ ವಿಜ್ಞಾನಕ್ಕೆ ಆದ ಲಾಭವೇ ದೊಡ್ಡದು ಎಂದರೆ ತಪ್ಪಾಗದು.

ಸಾಲು 5. ಎಲ್2, ಎಸ್2, ಎಲ್3, ಎಸ್3, ಎಲ್4, ಎಸ್4: ಅದೇ, ಮತ್ತೂ ಅದೇ.

ಬಿಡಿ ಪದರಕ್ಕೆ ಟೀಕು ಬೇಡ. ‘ಮತ್ತೂ ಅದೇ’ ಎಂಬುದರಲ್ಲೇ ಅರ್ಥ ಇದೆ. ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ ಕೆಲಸ ಮಾಡಿದ ಆಲ್ಬ್ರೆಖ್ತ್ ಪೆಂಕ್ ಮತ್ತು ಎಡ್ವರ್ಡ್ ಬ್ರೂಕ್ನರ್ 1909ರ ಹೊತ್ತಿಗೆ ಹಿಮಯುಗಗಳು ನಾಲ್ಕು ಎಂದು ಮುಗಿಸಿದ್ದರು. ಅರ್ಧ ಶತಮಾನ ಪಠ್ಯಪುಸ್ತಕಗಳೆಲ್ಲ ನಾಲ್ಕರ ಮಗ್ಗಿ ಹೇಳಿದವು. ಈ ಗೋಡೆಯಲ್ಲಿ ಎಸ್4ಕ್ಕೆ ಬರುವಾಗಲೇ ನಾಲ್ಕರ ಲೆಕ್ಕ ಮುಗಿದಿದೆ, ಗೋಡೆ ಇನ್ನೂ ಮುಕ್ಕಾಲಿನಷ್ಟು ಕೆಳಗೆ ಉಳಿದಿದೆ. 1961ರಲ್ಲಿ ವಾರ್ಸಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲಿಯೂ ಚೀನಾದ ಲೋಯಸ್ಸಿನ ಹಲವು ಹಳೆಯ ಮಣ್ಣುಗಳನ್ನು ಮುಂದಿಟ್ಟರು. ಚೆಕೊಸ್ಲೊವಾಕಿಯಾದ ಬ್ರ್ನೋ ನಗರದ ಇಟ್ಟಿಗೆ ಗೂಡುಗಳ ಅಗೆತದಲ್ಲಿ ಜಾರ್ಜ್ ಕುಕ್ಲಾ ಅವರಿಗೂ ನಾಲ್ಕನ್ನು ಮೀರಿದ ಸರದಿ ಸಿಕ್ಕಿತು. 1973ರಲ್ಲಿ ನಿಕೊಲಸ್ ಶಾಕಲ್ಟನ್ ಮತ್ತು ನೀಲ್ ಓಪ್ಡೈಕ್ ಪೆಸಿಫಿಕ್ ತಳದ ಕೆಸರಿನಿಂದ ಅದೇ ತೀರ್ಮಾನ ತಂದ ಮೇಲೆ ನಾಲ್ಕರ ಸಿದ್ಧಾಂತ ತಲೆ ಎತ್ತಲಿಲ್ಲ. ಆಲ್ಪ್ಸಿನ ತೊಂದರೆ ಸರಳ: ಹೊಸ ಹಿಮನದಿ ಹಳೆಯದರ ಗುರುತನ್ನು ಉಜ್ಜಿ ಅಳಿಸುತ್ತದೆ. ಧೂಳು ಹಾಗೆ ಮಾಡುವುದಿಲ್ಲ. ಹಳೆಯದರ ಮೇಲೆ ಕೂತು ಅದನ್ನು ಕಾಪಾಡುತ್ತದೆ.

ಸಾಲು 6. ಎಸ್5: ಕಡುಗೆಂಪು. ಮೂರು ಮಣ್ಣು ಅಂಟಿಕೊಂಡಿವೆ.

ಗೋಡೆಯಲ್ಲಿ ಎದ್ದು ಕಾಣುವ ಪಟ್ಟಿ ಇದು, ಸುಮಾರು ಐದರಿಂದ ಆರು ಲಕ್ಷ ವರ್ಷ ಹಿಂದಿನದು. ಬೇಸಿಗೆಯ ಮಾನ್ಸೂನು ಬಹುಕಾಲ ಬಲವಾಗಿತ್ತು ಎನ್ನುತ್ತದೆ ಮಣ್ಣು. ಆದರೆ ಸಾಗರದ ಕೆಸರಿನಲ್ಲಿ ಅದೇ ಕಾಲದ ಬೆಚ್ಚನೆಯ ಅವಧಿ ಅಷ್ಟೇನೂ ಬೆಚ್ಚಗಿಲ್ಲ. ಭೂಮಿಯ ಹಿಮದ ಲೆಕ್ಕಕ್ಕೂ ಏಷ್ಯಾದ ಮಳೆಯ ಲೆಕ್ಕಕ್ಕೂ ಇಲ್ಲಿ ತಾಳೆಯಾಗುವುದಿಲ್ಲ. ಕಾರಣದ ಬಗ್ಗೆ ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಲೋಯಸ್ಸನ್ನು ಸಾಗರದ ಪ್ರತಿಧ್ವನಿ ಎಂದಷ್ಟೇ ಕೇಳುವವರಿಗೆ ಈ ಸಾಲು ಗಂಟಲಲ್ಲಿ ಸಿಕ್ಕುತ್ತದೆ, ಸಿಕ್ಕಲಿ.

ಮಣ್ಣು ಎಷ್ಟು ಮಾಗಿದೆ ಎಂದು ಅಳೆಯಲು ಒಂದು ಸುಲಭ ಉಪಾಯವಿದೆ: ಅಯಸ್ಕಾಂತದ ಪ್ರಭಾವಕ್ಕೆ ಅದು ಎಷ್ಟು ಮಣಿಯುತ್ತದೆ ಎಂದು ನೋಡುವುದು. ಕೈಯಲ್ಲಿ ಹಿಡಿಯುವ ಉಪಕರಣ ಸಾಕು. ಕೆಂಪು ಮಣ್ಣು ಹಳದಿಗಿಂತ ಎರಡು–ಮೂರು ಪಟ್ಟು ಹೆಚ್ಚು ಮಣಿಯುತ್ತದೆ. ಏಕೆ? ಮ್ಯಾಗ್ನೆಟೈಟಿನ ನಯವಾದ ಕಣಗಳು ದೂರದಿಂದ ಒಂದೇ ಸಮನೆ ಬೀಳುತ್ತಿರುತ್ತವೆ, ಧೂಳು ಹೆಚ್ಚಾದಾಗ ತೆಳುವಾಗುತ್ತವೆ ಎಂದರು ಕುಕ್ಲಾ. ಚೌ ಲೀಪಿಂಗ್ ಮತ್ತು ಸಂಗಡಿಗರು 1990ರಲ್ಲಿ, ಮಣ್ಣಾಗುವಾಗಲೇ ಅತಿ ಸಣ್ಣ ಕಾಂತೀಯ ಹರಳುಗಳು ಅಲ್ಲಿಯೇ ಹುಟ್ಟುತ್ತವೆ ಎಂದು ತೋರಿಸಿದರು. ಈಗ ಹೆಚ್ಚಿನವರು ಒಪ್ಪುವುದು ಎರಡನೆಯದನ್ನು. ಹಾಗೆಂದು ಈ ಅಳತೆಗೋಲನ್ನು ಎಲ್ಲಿಗೆ ಬೇಕಾದರೂ ಒಯ್ಯಬೇಡಿ. ಅಲಾಸ್ಕಾದಲ್ಲಿ ಲೆಕ್ಕ ತಲೆಕೆಳಗು: ಅಲ್ಲಿ ಹಳದಿಯೇ ಹೆಚ್ಚು ಮಣಿಯುತ್ತದೆ, ಬಲವಾದ ಗಾಳಿ ಭಾರವಾದ ಕಾಂತೀಯ ಕಣಗಳನ್ನು ಎತ್ತಿ ತರುತ್ತಿತ್ತಾದ್ದರಿಂದ.

ಸಾಲು 7. ಎಲ್8: ಇಲ್ಲಿ ಉತ್ತರ ದಕ್ಷಿಣವಾಗುತ್ತದೆ.

ಪದರ ಎಣಿಸುವುದು ಬೇರೆ, ವರ್ಷ ಹೇಳುವುದು ಬೇರೆ. 1960ರ ದಶಕದಲ್ಲಿ ಲಿಯೂ ಅವರ ಕೈಯಲ್ಲಿ ಪದರಗಳಿದ್ದವು, ತಾರೀಖುಗಳಿರಲಿಲ್ಲ. ನಂತರ ಸಾಂಸ್ಕೃತಿಕ ಕ್ರಾಂತಿಯ ಗದ್ದಲ. ಅವರು ನೈಋತ್ಯದ ಗ್ವೇಯಾಂಗ್ ನಗರದ ಭೂರಸಾಯನ ಸಂಸ್ಥೆಯಲ್ಲಿದ್ದುಕೊಂಡು ಮಣ್ಣಿನ ದೋಷಕ್ಕೂ ಹಳ್ಳಿಗರ ಹೃದಯರೋಗಕ್ಕೂ ಇರುವ ನಂಟನ್ನು ಹುಡುಕುವ ಕೆಲಸವನ್ನೂ ಮಾಡಿದರು. ತಾರೀಖು ಸಿಕ್ಕಿದ್ದು ಜ್ಯೂರಿಕ್ಕಿನ ಫ್ರೀಡ್ರಿಖ್ ಹೆಲ್ಲರ್ ಜೊತೆಗೂಡಿ. ಭೂಮಿಯ ಕಾಂತಕ್ಷೇತ್ರ ಆಗಾಗ ತಿರುವುಮುರುವಾಗುತ್ತದೆ. ಕೊನೆಯ ದೊಡ್ಡ ತಿರುವು ಸುಮಾರು 7 ಲಕ್ಷ 80 ಸಾವಿರ ವರ್ಷದ ಹಿಂದೆ. ಬೀಳುವ ಧೂಳಿನ ಕಾಂತೀಯ ಕಣಗಳು ಆ ಹೊತ್ತಿನ ದಿಕ್ಕನ್ನೇ ಹಿಡಿದು ನಿಲ್ಲುತ್ತವೆ. ಲುವೋಚ್ವಾನಿನ ಗೋಡೆಯಿಂದ ದಿಕ್ಕು ಗುರುತಿಸಿ ತೆಗೆದ ಮಣ್ಣಿನ ತುಂಡುಗಳಲ್ಲಿ ಹೆಲ್ಲರ್ ಮತ್ತು ಲಿಯೂ ಈ ತಿರುವನ್ನು ಕಂಡರು. 1982ರ ‘ನೇಚರ್’ ಪತ್ರಿಕೆಯ ಆ ಲೇಖನದಿಂದ ಗೋಡೆಗೆ ಮೊದಲ ಬಾರಿಗೆ ನಂಬುವಂಥ ಪಂಚಾಂಗ ಸಿಕ್ಕಿತು.

ಒಂದು ತೊಡಕು ಉಳಿದಿದೆ. ತಿರುವು ಇಲ್ಲಿ ಚಳಿಗಾಲದ ಧೂಳಿನ ಪದರದಲ್ಲಿದೆ, ಸಾಗರದ ಕೆಸರಿನಲ್ಲಿ ಬೆಚ್ಚನೆಯ ಅವಧಿಯಲ್ಲಿದೆ. ಬಿದ್ದ ಕಣಗಳು ಗಟ್ಟಿಯಾಗಿ ದಿಕ್ಕು ಹಿಡಿಯುವುದು ತಡವಾಗಿ, ಒಂದಿಷ್ಟು ಆಳಕ್ಕೆ ಹೂತ ಮೇಲೆ ಎಂಬುದು ಬಹುಜನರ ಸಮಾಧಾನ. ಎಷ್ಟು ತಡ ಎಂಬಲ್ಲಿ ಮತ್ತೆ ಭಿನ್ನಮತ.

ಸಾಲು 8. ಎಲ್9 ಮತ್ತು ಎಲ್15: ಒರಟು, ಬೆರಳಿಗೆ ಮರಳು ಹತ್ತುತ್ತದೆ.

ಮರುಭೂಮಿ ದಕ್ಷಿಣಕ್ಕೆ ಸರಿದು ಬಂದಿದ್ದ ದಿನಗಳು: ಮೊದಲನೆಯದು ಒಂಬತ್ತು ಲಕ್ಷ ವರ್ಷದ ಆಸುಪಾಸು, ಎರಡನೆಯದು ಸುಮಾರು ಹನ್ನೆರಡು ಲಕ್ಷ. ಗಮನಿಸಬೇಕಾದ್ದು ಪಟ್ಟಿಗಳ ಅಂತರವನ್ನೂ. ಈ ಎತ್ತರದ ಕೆಳಗೆ ಕೆಂಪು–ಹಳದಿ ಸಣ್ಣಸಣ್ಣದಾಗಿ ಒತ್ತೊತ್ತಾಗಿವೆ, ಸುಮಾರು 41 ಸಾವಿರ ವರ್ಷಕ್ಕೊಂದು ಸುತ್ತು. ಮೇಲಕ್ಕೆ ಹೋದಂತೆ ದಪ್ಪ, ದೂರದೂರ. ಸುಮಾರು ಲಕ್ಷ ವರ್ಷಕ್ಕೊಂದು. ಭೂಮಿಯ ಅಕ್ಷದ ಓರೆ ಏರಿಳಿಯುವ ತಾಳವನ್ನು ಬಿಟ್ಟು ಹವಾಮಾನ ನಿಧಾನದ ಇನ್ನೊಂದು ತಾಳಕ್ಕೆ ಯಾಕೆ ಹೊರಳಿತು? ಸೂರ್ಯನ ಸುತ್ತ ಭೂಮಿಯ ನಡೆ ಆಗೇನೂ ಬದಲಾಗಲಿಲ್ಲ. ಉತ್ತರ ಭೂಮಿಯೊಳಗೇ ಇರಬೇಕು.

ಎಲ್15ರ ಹೆಸರು ಮನುಷ್ಯನ ಕಥೆಯಲ್ಲೂ ಬರುತ್ತದೆ. ಶಿಯಾನ್ ಬಳಿಯ ಲಾನ್‌ಟಿಯನ್ನಿನಲ್ಲಿ 1964ರಲ್ಲಿ ಸಿಕ್ಕ ಪ್ರಾಚೀನ ತಲೆಬುರುಡೆ ಈ ಪದರದ್ದೆಂದು ಬಗೆದು ಹನ್ನೊಂದೂವರೆ ಲಕ್ಷ ವರ್ಷ ಎಂದಿದ್ದರು. ಪದರದ ಗುರುತು ತಪ್ಪಾಗಿತ್ತು. 2015ರ ಮರುಪರಿಶೀಲನೆ ಅದನ್ನು 16 ಲಕ್ಷ 30 ಸಾವಿರಕ್ಕೆ ಒಯ್ದಿತು. ಮೂರು ವರ್ಷದ ನಂತರ ಅದೇ ಸೀಮೆಯ ಶಾಂಗ್‌ಚೆನ್‌ನಲ್ಲಿ ಇನ್ನೂ ಕೆಳಗಿನ ಲೋಯಸ್ಸಿನಿಂದ 21 ಲಕ್ಷ ವರ್ಷದ ಕಲ್ಲಿನ ಉಪಕರಣಗಳು ಹೊರಬಂದವು. ನಯವಾದ ಧೂಳಿನ ನಡುವೆ ಒಂದು ಚೂಪಾದ ಕಲ್ಲು ಸಿಕ್ಕರೆ ಅದನ್ನು ಯಾರೋ ತಂದಿಟ್ಟರೆಂದೇ ಅರ್ಥ. ಅಷ್ಟು ದೊಡ್ಡ ಕಲ್ಲನ್ನು ಗಾಳಿ ಹೊರುವುದಿಲ್ಲ.

ಸಾಲು 9. ಎಲ್33: ಹಳದಿಯ ಬುಡ.

1982ರ ಲೇಖನ ಇದಕ್ಕೆ 24 ಲಕ್ಷ ವರ್ಷ ಎಂದಿತ್ತು. ಆಮೇಲೆ ಕಾಂತಕ್ಷೇತ್ರದ ತಿರುವುಗಳ ಪಂಚಾಂಗವೇ ತಿದ್ದುಪಡಿಯಾಗಿ ಈಗ ಸುಮಾರು 26 ಲಕ್ಷ. ಉತ್ತರ ಗೋಳಾರ್ಧದಲ್ಲಿ ದೊಡ್ಡ ಹಿಮಹಾಸುಗಳು ಬೆಳೆದು ನಿಂತ ಕಾಲವೂ ಇದೇ. 1985ರಲ್ಲಿ ಬಂದ ‘ಲೋಯಸ್ ಮತ್ತು ಪರಿಸರ’ ಎಂಬ ಗ್ರಂಥದಲ್ಲಿ ಲಿಯೂ ಇಷ್ಟನ್ನೂ ಒಟ್ಟು ಮಾಡಿದರು. 2002ರ ಟೈಲರ್ ಪ್ರಶಸ್ತಿಯನ್ನು ಅವರು ಹಂಚಿಕೊಂಡದ್ದು ಸಾಗರದ ಹವಾಮಾನ ಓದಿದ ವ್ಯಾಲೇಸ್ ಬ್ರೋಕರ್ ಜೊತೆ. ನೆಲದವರೊಬ್ಬರು, ಕಡಲಿನವರೊಬ್ಬರು, ಆಯ್ಕೆ ಸಮಿತಿಗೆ ವಿಷಯ ಗೊತ್ತಿತ್ತು.

ಸಾಲು 10. ಅದರಡಿ ಕೆಂಪು ಜೇಡಿ.

ಇದನ್ನು ಬಹುಕಾಲ ಬೇರೆ ಜಾತಿಯೆಂದು ಹೊರಗಿಟ್ಟಿದ್ದರು. ಕಣ ಅಳೆದು, ರಸಾಯನ ನೋಡಿದಾಗ ಇದೂ ಗಾಳಿಯದೇ ಎಂದಾಯಿತು. ಪ್ರಸ್ಥಭೂಮಿಯ ಹಲವೆಡೆ ಏಳು–ಎಂಟು ಲಕ್ಷವಲ್ಲ, ಏಳು–ಎಂಟು ದಶಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ. ಇನ್ನೂ ಪಶ್ಚಿಮಕ್ಕೆ, ಗಾನ್ಸು ಪ್ರಾಂತದ ಚಿನ್‌ಆನ್‌ನಲ್ಲಿ, ಗ್ವೋ ಜೆಂಗ್‌ಟಾಂಗ್ ಮತ್ತು ಸಂಗಡಿಗರಿಗೆ ಲುವೋಚ್ವಾನಿನ ಗೋಡೆಗಿಂತ ಹಳೆಯ ಗೋಡೆ ಸಿಕ್ಕಿತು. ಅಲ್ಲಿ ಕಣ್ಣಿಗೆ ಕಾಣುವ ಪಟ್ಟಿಗಳೇ 230ಕ್ಕೂ ಹೆಚ್ಚು: ಕಂದು ಧೂಳು, ಕೆಂಪು ಮಣ್ಣು, ಕಂದು ಧೂಳು. ಮೇಲಿನದು 62 ಲಕ್ಷ ವರ್ಷದ್ದು, ಕೆಳಗಿನದು 2 ಕೋಟಿ 20 ಲಕ್ಷ. ಅಂದರೆ ಹಿಮಯುಗಗಳ ಮಾತೇ ಇಲ್ಲದ ಕಾಲದಲ್ಲೂ ಏಷ್ಯಾದ ಒಳನಾಡು ಧೂಳೆಬ್ಬಿಸುವಷ್ಟು ಒಣಗಿತ್ತು, ಚಳಿಗಾಲದ ಗಾಳಿ ಅದನ್ನು ಹೊರುವಷ್ಟು ಬಲವಾಗಿತ್ತು, ಬೇಸಿಗೆಯ ಮಳೆ ಅದನ್ನು ಮಣ್ಣು ಮಾಡುವಷ್ಟು ಬರುತ್ತಿತ್ತು. ಟಿಬೆಟ್ ಪ್ರಸ್ಥಭೂಮಿ ಆಗಲೇ ಗಾಳಿಯ ದಾರಿ ಬದಲಿಸುವಷ್ಟು ಎತ್ತರವಿತ್ತು ಎಂಬ ವಾದಕ್ಕೆ ಈ ಗೋಡೆ ಬಲವಾದ ಸಾಕ್ಷಿ. ಈ ಶೋಧ ‘ನೇಚರ್’ನಲ್ಲಿ ಅಚ್ಚಾದದ್ದು 2002ರಲ್ಲಿ. ಲೇಖಕರ ಪಟ್ಟಿಯ ಕೊನೆಯ ಹೆಸರು ಲಿಯೂ ತುಂಗ್‌ಶೆಂಗ್. ಆಗ ಅವರಿಗೆ 84 ವರ್ಷ.